ಅಂಚಿನಲ್ಲಿ ಬರೆದ ತಾರೀಕು

ಫೆಬ್ರವರಿ 3

ಪ್ರೀತಿಯ ಮಾವ,

ಈ ಪತ್ರ ಓದುವಾಗ ನಿನ್ನ ಸುತ್ತ ಯಾರೂ ಇರಬಾರದು. ನೀನು ಪತ್ರ ಓದಿದರೆ ಇಡೀ ನಾಟಕ ಕಂಪನಿಗೆ ಕೇಳುತ್ತದಂತೆ, ಅಮ್ಮ ಹೇಳಿದ್ದಾಳೆ. ದಯವಿಟ್ಟು ಇದೊಂದನ್ನು ಬಾಯಿ ಮುಚ್ಚಿಕೊಂಡು ಓದು.

ರಿಸಲ್ಟ್ ಬಂತು. ನೂರಕ್ಕೆ ಐವತ್ಮೂರು. ಫೇಲಾಗಿದ್ದರೆ ಅಳಬಹುದಿತ್ತು, ತೊಂಬತ್ತು ಬಂದಿದ್ದರೆ ಕುಣಿಯಬಹುದಿತ್ತು. ಐವತ್ಮೂರಕ್ಕೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಪ್ಪ ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು, ಹಿಂದುಗಡೆಯಾದರೂ ಇನ್ನೊಂದಿಷ್ಟು ಬರೆದಿರಬಹುದು ಎನ್ನುವ ಹಾಗೆ. ಆಮೇಲೆ ಮಡಚಿಟ್ಟು, "ಆಯ್ತು ಬಿಡು, ನಮ್ಮ ಆಫೀಸಲ್ಲಿ ಗುಮಾಸ್ತರ ಪರೀಕ್ಷೆ ಕರೀತಾರೆ, ಕಟ್ಟು" ಅಂದರು. ನೀರು ಸರಬರಾಜಿನ ಕಚೇರಿಯಲ್ಲಿ ಅಪ್ಪನ ಮೇಜಿನ ಪಕ್ಕದಲ್ಲೇ ನನಗೊಂದು ಮೇಜು ಅವರ ಕಣ್ಣಿಗೆ ಆಗಲೇ ಕಾಣುತ್ತಿದೆ.

ಆದರೆ ಮಾವ, ನಾನು ಬೇರೆ ಅರ್ಜಿ ತಂದಿದ್ದೇನೆ. ಕಾನೂನು ಕಾಲೇಜಿನದು. ನಾನು ಒಂದು ವರ್ಷದಿಂದ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋಗುತ್ತಿರುವುದು ನಿನಗೆ ಗೊತ್ತಲ್ಲ, ಅಲ್ಲಿನ ಯಜಮಾನರು, ಎಲ್ಲರೂ ಟೈಪಿಂಗ್ ತಾತ ಅಂತಾರೆ, ಅವರೇ ಹೇಳಿದರು: "ಐವತ್ತು ದಾಟಿದ್ರೆ ಅರ್ಜಿ ತಗೋತಾರಮ್ಮ. ಮಾರ್ಕ್ಸಿಗೆ ನಲವತ್ತು ಪಾಲು. ಪ್ರವೇಶ ಪರೀಕ್ಷೆಗೆ ಮೂವತ್ತು. ಮಿಕ್ಕ ಮೂವತ್ತು ನೀನು ಬರೆಯೋ ಒಂದು ಪುಟಕ್ಕೆ, ಸಂದರ್ಶನಕ್ಕೆ." ಸೀಟು ಅರವತ್ತು. ಅರ್ಜಿ ಹಾಕುವವರು ಸಾವಿರ.

ಆ ಒಂದು ಪುಟವೇ ನನ್ನ ಕುತ್ತಿಗೆಗೆ ಬಂದಿರುವುದು. 'ನೀವು ಕಾನೂನನ್ನು ಏಕೆ ಓದಬಯಸುತ್ತೀರಿ?' ಅದನ್ನು ನೀನು ಬರೆದುಕೊಡು ಮಾವ. ನನಗೂ ಒಂದು ಕಾರಣ ಇದೆ. ಅದು ಬರೆಯುವಂಥದ್ದಲ್ಲ, ಕೇಳಬೇಡ.

ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: 'ಮೇಲಿನದೆಲ್ಲ ನಿಜ. ಸುಳ್ಳೆಂದು ಕಂಡುಬಂದಲ್ಲಿ ಅರ್ಜಿ ರದ್ದು, ಮುಂದೆಂದೂ ಪ್ರವೇಶವಿಲ್ಲ.' ಅದನ್ನು ಓದಿದಾಗಲೆಲ್ಲ ಅರ್ಜಿಯನ್ನು ಮಡಚಿ ಚೀಲಕ್ಕೆ ತುರುಕುತ್ತೇನೆ. ಅಪ್ಪನಿಗೆ ಹೇಳಿಲ್ಲ.

ನಿನ್ನ ಗುಬ್ಬಿ


ಫೆಬ್ರವರಿ 12

ಎಲೈ ಗುಬ್ಬಿಯೇ! ಸೊಸೆಮುದ್ದೇ! ಭಾವೀ ವಕೀಲಮ್ಮಾ!

ನಿನ್ನ ಅಪ್ಪಣೆಯಂತೆ ಬಾಯಿ ಮುಚ್ಚಿಕೊಂಡೇ ಓದಿದೆ. ಓದಿ ಮುಗಿಸಿದ ಮೇಲೆ ತಡೆಯಲಾರದೆ 'ಭಲೇ!' ಎಂದು ಕೂಗಿಬಿಟ್ಟೆ. ಬಣ್ಣ ಹಚ್ಚಿಕೊಳ್ಳುತ್ತಿದ್ದ ರಾಣಿಯ ಹುಬ್ಬು ಹಣೆಯ ತನಕ ಹೋಯಿತು. ಆ ರಾಣಿಗೆ ಮೀಸೆ ಇದೆ, ಸಿಟ್ಟು ಅದಕ್ಕಿಂತ ಉದ್ದ. ನನ್ನನ್ನು ಪೌಡರ್ ಡಬ್ಬಿ ಹಿಡಿದು ಅಟ್ಟಾಡಿಸಿದ.

ಐವತ್ಮೂರು! ಯಾರು ಹೇಳಿದರು ಕಡಿಮೆ ಎಂದು? ಅರ್ಧ ತುಂಬಿದ ಸಭಾಂಗಣದ ಮುಂದೆ ನಾನು ಮೂವತ್ತು ವರ್ಷ ನಿಂತಿದ್ದೇನೆ. ಅರ್ಧ ತುಂಬಿದ್ದರೆ ಪರದೆ ಏಳುತ್ತದೆ, ಮಗಳೇ. ನಿನ್ನದು ಅರ್ಧಕ್ಕಿಂತ ಮೂರು ಕುರ್ಚಿ ಹೆಚ್ಚು!

ಒಂದು ಕಾಲಕ್ಕೆ ನಾಯಕನಾಗಿದ್ದ ನಿನ್ನ ಮಾವ ಈಗ ಪ್ರಾಂಪ್ಟರ್. ಪರದೆಯ ಪಕ್ಕದ ಮೋಟು ಸ್ಟೂಲಿನ ಮೇಲೆ, ಮಡಿಲಲ್ಲಿ ನಾಟಕದ ಪ್ರತಿ ಇಟ್ಟುಕೊಂಡು, ಮಾತು ಮರೆತವನಿಗೆ ಪಿಸುಗುಟ್ಟುವುದು ನನ್ನ ಕಸುಬು. ಇಗೋ, ನಿನಗೂ ಪಿಸುಗುಟ್ಟುತ್ತಿದ್ದೇನೆ. ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ಒಂದಕ್ಷರವನ್ನೂ ಬದಲಿಸಕೂಡದು. ಇದನ್ನು ನಿನ್ನ ಅಮ್ಮನಿಗೆ ತೋರಿಸಬೇಡ. ಅಪ್ಪನಿಗಂತೂ ಬೇಡವೇ ಬೇಡ.

ಇಂತಿ,
ಸಿಂಹಾಸನದ ಹಿಂದಿನ ದನಿ

(ಜೊತೆಗಿದ್ದ ಪುಟ)

ನನ್ನ ಸೋದರಮಾವ ನಟ. ಅವರಿಗೆ ಇಪ್ಪತ್ನಾಲ್ಕು ವರ್ಷವಾಗಿದ್ದಾಗ, ಒಂದು ಸಂಜೆ, ನಾಟಕ ನಡೆಯುತ್ತಿದ್ದ ಸಭಾಂಗಣದ ಎದುರು ಬೀದಿಯಲ್ಲಿ ಕಂಪನಿಯ ಉಡುಪಿನ ಗೋದಾಮಿಗೆ ಬೆಂಕಿ ಬಿತ್ತು. ಕಾವಲುಗಾರ ಒಳಗೇ ಸತ್ತ. ಬೆಳಿಗ್ಗೆ ಯಜಮಾನನ ಜೊತೆ ಜಗಳವಾಡಿದ್ದ ನನ್ನ ಮಾವನ ಮೇಲೆ ಅಪವಾದ ಬಂತು. ಬೆಂಕಿ ಹತ್ತಿದ ಹೊತ್ತಿನಲ್ಲಿ ಅವರು ನಾನೂರು ಜನರ ಮುಂದೆ ರಂಗದ ಮೇಲಿದ್ದರು. ಆದರೆ ಮೂರನೇ ಅಂಕದಲ್ಲಿ ಅವರದು ಮುಖವಾಡದ ಪಾತ್ರ. ಮುಖವಾಡದ ಒಳಗೆ ಇದ್ದವರು ಯಾರೆಂದು ನಾನೂರು ಜನರಲ್ಲಿ ಒಬ್ಬರೂ ಹೇಳಲಾರದೆ ಹೋದರು. ಹದಿನಾಲ್ಕು ತಿಂಗಳು ಅವರು ವಿಚಾರಣೆಗಾಗಿ ಕಾಯುತ್ತ ಜೈಲಿನಲ್ಲಿದ್ದರು. ಕೊನೆಗೆ ಹೊಸದಾಗಿ ಸನ್ನದು ಪಡೆದ ಒಬ್ಬ ವಕೀಲೆ ಬಂದು ಒಂದೇ ಪ್ರಶ್ನೆ ಕೇಳಿದರು: "ಆ ದಿನ ನೀವು ಮಾತು ಮರೆತಿದ್ದಿರಾ?" ಮರೆತಿದ್ದರು. ಮುಖವಾಡ ಎತ್ತಿ ಪ್ರಾಂಪ್ಟರನ ಕಡೆ ನೋಡಿದ್ದರು. ಯಾರು ಎಲ್ಲಿ ಮಾತು ತಪ್ಪಿದರೂ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು ಹಾಕುವುದು ಆ ಪ್ರಾಂಪ್ಟರನ ಪದ್ಧತಿ. ಆ ತಾರೀಕು ನನ್ನ ಮಾವನನ್ನು ಬಿಡಿಸಿತು. ಕೇಳಬೇಕಾದ ಪ್ರಶ್ನೆಯನ್ನು ಕೇಳುವವಳು ನಾನಾಗಬೇಕು.


ಫೆಬ್ರವರಿ 21

ಮಾವ,

ಏನಿದು! ನಾನು ಕೇಳಿದ್ದು ಒಂದು ಪುಟ, ನೀನು ಕಳಿಸಿದ್ದು ನಾಟಕ! ಬೆಂಕಿ, ಮುಖವಾಡ, ಜೈಲು. ಅದರಲ್ಲೂ ನೀನೇ ನಾಯಕ! ಚಿಕ್ಕವಳಿದ್ದಾಗ ನೀನು ಹೇಳಿದ್ದು ನೆನಪಿದೆಯಾ, ಹುಲಿಯೊಂದು ನಿನ್ನ ಹಾಡು ಕೇಳಿ ಕಣ್ಣೀರು ಹಾಕಿತು ಎಂದು? ಆ ಹುಲಿಯೂ ಬರುತ್ತದೇನೋ ಎಂದು ಪುಟದ ಹಿಂದೆ ಹುಡುಕಿದೆ. "ನಿಮ್ಮಣ್ಣನ ಕಾಗದ ಅಂದ್ರೆ ಅರ್ಧ ಸುಳ್ಳು, ಇನ್ನರ್ಧ ಹಿನ್ನೆಲೆ ಸಂಗೀತ" ಎಂದು ಅಪ್ಪ ಅಮ್ಮನನ್ನು ರೇಗಿಸುವುದು ಸುಮ್ಮನಲ್ಲ.

ನಾನೇ ಬರೆಯಲು ಕೂತೆ. ಮೂರು ಸಲ ಬರೆದು ಮೂರು ಸಲ ಹರಿದೆ. 'ನನಗೆ ನ್ಯಾಯದಲ್ಲಿ ಆಸಕ್ತಿ' ಎಂದು ಬರೆದರೆ ನನಗೇ ಆಕಳಿಕೆ ಬಂತು. ನಿನ್ನೆ ಕಡೆಯ ದಿನ. ಬೇರೆ ದಾರಿ ಕಾಣದೆ ನಿನ್ನ ಪುಟವನ್ನೇ ಟೈಪ್ ಮಾಡಿ, ಕೆಳಗೆ ಸಹಿ ಹಾಕಿ, ಅಂಚೆ ಡಬ್ಬಿಗೆ ಹಾಕಿದೆ. ಕವರು ಒಳಗೆ ಬಿದ್ದ ಸದ್ದು ಕೇಳಿದ ತಕ್ಷಣ ಕೈಯನ್ನೂ ಒಳಗೆ ತೂರಿಸಲು ನೋಡಿದೆ. ಮಣಿಕಟ್ಟು ತರಚಿದೆ.

ಈಗ ಯಾರು ಬಾಗಿಲು ತಟ್ಟಿದರೂ ಹಿಂದಿನ ಕೋಣೆಗೆ ಓಡುತ್ತೇನೆ. ಟೈಪ್‌ರೈಟರಿನ ಗಂಟೆ ಹೊಡೆದರೂ ಬೆಚ್ಚುತ್ತೇನೆ. "ಏನಮ್ಮ, ಮೆಷಿನ್ನು ಕಚ್ತಾ?" ಅಂತಾರೆ ತಾತ. ಸುಳ್ಳಿಗೆ ಸಹಿ ಮಾಡಿದವಳು ನಾನು. ನೀನಂತೂ ಜಾಣ, ಯಾವ ಪತ್ರಕ್ಕೂ ಸಹಿ ಹಾಕುವುದಿಲ್ಲ!

ಗುಬ್ಬಿ


ಮಾರ್ಚ್ 1

ಗುಬ್ಬಿ,

ಸಹಿ ಮಾಡುವ ಮುಂಚೆ ಪೂರ್ತಿ ಓದಿದೆಯಾ? ಓದಿದ್ದೀಯ. ಹಾಗಾದರೆ ಸರಿ.

ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ನಾಳೆ ಗಾಡಿ ಕಟ್ಟುತ್ತಿದ್ದೇವೆ. ಮುಂದಿನ ವಿಳಾಸ ಕವರಿನ ಹಿಂದೆ ಇದೆ. ಪ್ರವೇಶ ಪರೀಕ್ಷೆಗೆ ಓದು.

ಇಂತಿ,
ಮೋಟು ಸ್ಟೂಲಿನವ


ಮಾರ್ಚ್ 19

ಮಾವ,

ಪರೀಕ್ಷೆಯಲ್ಲಿ ಮೂವತ್ತಕ್ಕೆ ಹತ್ತೊಂಬತ್ತು ಬಂತು. ಸಂದರ್ಶನಕ್ಕೆ ಕರೆದಿದ್ದಾರೆ, ಏಪ್ರಿಲ್ ಆರಕ್ಕೆ. ಕುಣಿಯಬೇಡ, ಕೂತುಕೊಂಡು ಮುಂದೆ ಓದು.

ಕರೆಪತ್ರದ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಸಾಲು: 'ನಿಮ್ಮ ಹೇಳಿಕೆಯಲ್ಲಿ ಬಂದಿರುವ ಪ್ರಕರಣಕ್ಕೆ ಸಂಬಂಧಿಸಿದ ದಾಖಲೆಗಳನ್ನು ತರುವುದು.'

ಯಾವ ಪ್ರಕರಣ ಮಾವ? ಯಾವ ದಾಖಲೆ? ಹುಲಿಯ ಕಣ್ಣೀರನ್ನು ಸೀಸೆಯಲ್ಲಿ ತುಂಬಿ ಕೊಂಡೊಯ್ಯಲೇ?

ಇನ್ನೂ ಇದೆ. ಕರೆಪತ್ರ ಅಪ್ಪನ ಕೈಗೆ ಸಿಕ್ಕಿತು. ನನ್ನ ಚೀಲದಿಂದ ನಿನ್ನ ಪುಟದ ನಕಲನ್ನೂ ತೆಗೆದರು. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದರು. ಬೈಯಲಿಲ್ಲ ಮಾವ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪುಟವನ್ನು ಅಮ್ಮನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅಮ್ಮ ಅದನ್ನು ಓದಿ, ಒಲೆ ಆರಿಸಿ, ಗೋಡೆಯ ಕಡೆ ತಿರುಗಿ ಅತ್ತಳು. "ಯಾಕಮ್ಮ?" ಅಂದೆ. "ಅವನಿಗೆ ಬುದ್ಧಿ ಬೇಡ್ವಾ? ನಿನ್ನ ಕೈಲಿ ಬರೆಸಬೇಕಿತ್ತಾ ಇದನ್ನ?" ಅಂದಳು. ಮಗಳು ಸುಳ್ಳಿ ಎಂದು ಅಳುತ್ತಿದ್ದಾಳೆ. ಮೂರು ದಿನದಿಂದ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಬೇಗ ಬರೆ. ಏನು ಹೇಳಲಿ ಎಂದು ಬರೆ. ನಿನ್ನಿಂದ ಉತ್ತರ ಬಾರದಿದ್ದರೆ ಅಲ್ಲಿ ನಿಂತು ಎಲ್ಲ ಕಟ್ಟುಕಥೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಅವರೇ ಹಿಡಿಯುವ ತನಕ ಕಾಯುವ ಧೈರ್ಯ ನನಗಿಲ್ಲ.

ಗುಬ್ಬಿ


ಏಪ್ರಿಲ್ 6

ಗುಬ್ಬಿ, ನನ್ನ ತಾಯಿ,

ನಿನ್ನ ಕಾಗದ ಇವತ್ತು ಕೈಸೇರಿತು. ಮೂರು ವಿಳಾಸ ಹೊಡೆದುಹಾಕಿ ನಾಲ್ಕನೆಯದನ್ನು ಬರೆದಿದ್ದಾರೆ. ಹಿಂದಿನ ಊರಿನ ಸಭಾಂಗಣದ ಮಾಡು ಸೋರಿ, ನಾವು ಹತ್ತು ದಿನ ಮೊದಲೇ ಗಂಟುಮೂಟೆ ಕಟ್ಟಿದ್ದೆವು. ಕಾಗದ ನನ್ನ ಬೆನ್ನು ಹತ್ತಿ ಸುತ್ತಿದೆ. ಗೋಡೆಯ ಗಡಿಯಾರದಲ್ಲಿ ಈಗ ಸಂಜೆ ನಾಲ್ಕು. ತಾರೀಕು ಆರು. ನೀನು ಒಳಗೆ ಹೋಗಿ ಹೊರಗೆ ಬಂದಾಗಿದೆ. ಇಷ್ಟು ವರ್ಷ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಮಾತು ಕೊಟ್ಟವನು ನಿನ್ನೊಬ್ಬಳಿಗೆ ಕೊಡಲಿಲ್ಲ.

ಅದರಲ್ಲಿ ಬರೆದದ್ದೆಲ್ಲ ನಿಜ. ಬೆಂಕಿ ನಿಜ, ಹದಿನಾಲ್ಕು ತಿಂಗಳು ನಿಜ, ಸತ್ತ ಕಾವಲುಗಾರ ನಿಜ. ಅವನು ನನಗೆ ದಿನಾ ಬೀಡಿ ಕೊಡುತ್ತಿದ್ದ. ಹುಲಿ ಮಾತ್ರ ಸುಳ್ಳು.

ಆ ಪುಟದಲ್ಲಿ ಬರೆಯದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಠಾಣೆಯಲ್ಲಿ ಎರಡು ಹಾಳೆ ಬರೆದು ನನ್ನ ಕೈಗಿಟ್ಟರು. "ಓದಿ ಹೇಳು" ಅಂದರು. ನಾನೇ ಬೆಂಕಿ ಇಟ್ಟೆ ಎಂದು ಅದರಲ್ಲಿತ್ತು. ಗುಬ್ಬಿ, ನಾನು ತುಂಬಾ ಹೆದರಿದ್ದೆ. ಹೆದರಿದ ನಟನ ಕೈಗೆ ಕಾಗದ ಕೊಟ್ಟರೆ ಅವನು ಅದನ್ನೇ ಹಿಡಿದುಕೊಳ್ಳುತ್ತಾನೆ. ನಾನು ಓದಿದೆ. ಚೆನ್ನಾಗಿ ಓದಿದೆ! ಪಶ್ಚಾತ್ತಾಪ ಬಂದ ಕಡೆ ದನಿ ಇಳಿಸಿದೆ, ಬೆಂಕಿ ಬಂದ ಕಡೆ ಏರಿಸಿದೆ. ಬೇರೆಯವರು ಬರೆದ ಮಾತನ್ನು ನನ್ನದೆಂದು ಹೇಳುವುದೇ ನನ್ನ ಅನ್ನ. "ಸಹಿ ಹಾಕು" ಅಂದರು, ಹಾಕಿದೆ. ಹಾಕಿ ತಲೆ ಎತ್ತಿ ನೋಡಿದೆ, ಚಪ್ಪಾಳೆಗೆ ಕಾಯುವವನ ಹಾಗೆ.

ಅವತ್ತಿನಿಂದ ಈ ಕೈ ಯಾವ ಕಾಗದಕ್ಕೂ ಸಹಿ ಮಾಡಿಲ್ಲ. ಕಂಪನಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ. ನೂರು ನಾಟಕ ಬಾಯಿಪಾಠ ಇರುವವನು ಹೆಬ್ಬೆಟ್ಟು ಒತ್ತುವುದನ್ನು ನೋಡಿ ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ.

ನಿನಗೇಕೆ ಹೇಳಲಿಲ್ಲ? ಹೇಳುವುದಿಲ್ಲ ಎಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ. ಹಾಗಿದ್ದರೆ ಬರೆದದ್ದೇಕೆ? ನೀನು ನಾಟಕ ಎಂದುಕೊಳ್ಳುತ್ತೀಯ, ನನ್ನ ಮಾತೂ ಉಳಿಯುತ್ತದೆ, ನಿನ್ನ ಅರ್ಜಿಗೆ ನಿಜವೂ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಮೂರ್ಖನ ಲೆಕ್ಕ.

ಆ ಪ್ರಾಂಪ್ಟರ್ ಸಾಯುವಾಗ ನಾಟಕದ ಪ್ರತಿಯನ್ನೂ ಸ್ಟೂಲನ್ನೂ ನನಗೇ ಕೊಟ್ಟರು. ಪ್ರತಿಯನ್ನು ಪಾರ್ಸೆಲ್ ಮಾಡಿದ್ದೇನೆ. ಮೂರನೇ ಅಂಕ, ಎಪ್ಪತ್ತೊಂದನೇ ಪುಟ, ಎಡಗಡೆಯ ಅಂಚು.

ಮಾವ


ಏಪ್ರಿಲ್ 7

ಮಾವನವರಿಗೆ,

ನಿಮ್ಮ ಉತ್ತರ ಬರಲಿಲ್ಲ. ನಾನೇ ಹೋದೆ, ನಾನೇ ಮಾತಾಡಿದೆ.

ಉದ್ದನೆಯ ಕೋಣೆ. ಕಿಟಕಿಗಳು ತುಂಬಾ ಮೇಲೆ. ಮೇಜಿನ ಆಚೆ ಮೂವರು: ಮಧ್ಯದಲ್ಲಿ ನಿವೃತ್ತ ನ್ಯಾಯಾಧೀಶೆ, ಅವರ ಕೈಯಲ್ಲಿ ಹಸಿರು ಪೆನ್ನು, ಒಂದು ಕಡೆ ಕೆಮ್ಮುವ ಮೇಷ್ಟರು, ಇನ್ನೊಂದು ಕಡೆ ಒಬ್ಬರು ನನ್ನ ಮಾರ್ಕ್ಸ್ ಕಾರ್ಡನ್ನು ಅಪ್ಪನ ಹಾಗೆಯೇ ತಿರುಗಿಸಿ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತಾಗ ನನ್ನ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

"ದಾಖಲೆ ತಂದಿದ್ದೀರಾ?"

"ಇಲ್ಲ ಮೇಡಂ."

"ಯಾಕೆ?"

"ಅದು ನಿಜ ಅಲ್ಲ ಮೇಡಂ. ನಮ್ಮ ಮಾವ ಬರೆದ ನಾಟಕ ಅದು."

ಕೆಮ್ಮು ನಿಂತಿತು. ಹಸಿರು ಪೆನ್ನು ಕೆಳಗಿಳಿಯಿತು.

"ಸುಳ್ಳು ಅಂತ ಗೊತ್ತಿದ್ದೂ ಸಹಿ ಹಾಕಿದ್ರಾ?"

"ಹೌದು."

"ನಿಮ್ಮದೇ ಕಾರಣ ಒಂದೂ ಇರ್ಲಿಲ್ವಾ?"

ಇತ್ತು. ನಿಮಗೂ ಹೇಳದ್ದನ್ನು ಆ ಅಪರಿಚಿತರ ಮುಂದೆ ಹೇಳಿದೆ. ಅಂಗಡಿಗೆ ಒಬ್ಬ ಅಜ್ಜಿ ಬರುತ್ತಿದ್ದರು, ಬಟ್ಟೆಗೆ ಗುಂಡಿ ಹೊಲಿದು ಬದುಕುವವರು. ಕೋಣೆ ಖಾಲಿ ಮಾಡು ಎಂದು ಮನೆ ಮಾಲೀಕರು ನೋಟಿಸು ಕೊಟ್ಟಿದ್ದರು. ಅದರ ವಿರುದ್ಧದ ಅರ್ಜಿಯಲ್ಲಿ ಅಜ್ಜಿಯ ವಕೀಲರು ನೋಟಿಸಿನ ತಾರೀಕು ಇಪ್ಪತ್ತೊಂದು ಎಂದು ಬರೆಸಿದರು. ನನ್ನ ಪಕ್ಕದಲ್ಲಿದ್ದ ನೋಟಿಸಿನಲ್ಲಿ ಹನ್ನೆರಡು ಎಂದಿತ್ತು. ನಾನು ನೋಡಿದೆ. ಅದಕ್ಕೆ ಹಿಂದಿನ ವಾರ ಬೇರೊಂದು ತಪ್ಪು ತೋರಿಸಿದ್ದಕ್ಕೆ ಆ ವಕೀಲರು "ನೀನು ಬೆರಳಾಡಿಸು, ಬಾಯಾಡಿಸಬೇಡ" ಎಂದು ಎಲ್ಲರೆದುರು ಗದರಿದ್ದರು. ಹೆದರಿ ಇಪ್ಪತ್ತೊಂದು ಎಂದೇ ಟೈಪ್ ಮಾಡಿದೆ. ತಾರೀಕು ತಾಳೆಯಾಗದೆ ಅರ್ಜಿ ವಜಾ ಆಯಿತು. ಅಜ್ಜಿ ಹೊಲಿಗೆ ಮೆಷಿನ್ನನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಅಂಗಡಿಯ ಮುಂದೆ ಬಂದರು. "ಎಲ್ಲಿ ತಪ್ಪಾಯ್ತು ಮಗಳೇ, ನೀನೇ ಟೈಪ್ ಮಾಡಿದ್ಯಲ್ಲ?" ಅಂದರು. "ಗೊತ್ತಿಲ್ಲಜ್ಜಿ" ಅಂದೆ.

ನ್ಯಾಯಾಧೀಶೆ ನನ್ನ ಅರ್ಜಿಯನ್ನು ಬದಿಗಿಟ್ಟರು. ಆಮೇಲೆ, "ಇಪ್ಪತ್ತೈದರೊಳಗೆ ಲಿಖಿತ ವಿವರಣೆ ಕೊಡಿ. ಕೊಡದೇ ಇದ್ರೆ, ಕೊಟ್ಟಿದ್ದು ಸರಿ ಇಲ್ದೇ ಇದ್ರೆ, ನಿಮ್ಮ ಹೆಸರು ಎಲ್ಲ ಕಾನೂನು ಕಾಲೇಜಿಗೂ ಹೋಗುತ್ತೆ. ಹೋಗಿ" ಅಂದರು.

ಸುಳ್ಳಿನ ಪಟ್ಟಿಯಲ್ಲಿ ನನ್ನ ಹೆಸರು. ಚಪ್ಪಾಳೆ ನಿಮಗಿರಲಿ.

ನಿಮ್ಮ ಸೊಸೆ


ಏಪ್ರಿಲ್ 11

ಮಾವ,

ಹೋದ ಪತ್ರದಲ್ಲಿ ನಿನ್ನನ್ನು 'ನೀವು' ಅಂದಿದ್ದೆ. ಅದನ್ನು ಹರಿದು ಒಲೆಗೆ ಹಾಕು.

ನಿನ್ನ ಕಾಗದ, ಪಾರ್ಸೆಲ್ ಎರಡೂ ಬಂದವು. ಎಪ್ಪತ್ತೊಂದನೇ ಪುಟದ ಎಡಗಡೆಯ ಅಂಚಿನಲ್ಲಿ ನಿನ್ನ ಪಾತ್ರದ ಮಾತಿನ ಪಕ್ಕ ಒಂದು ಕತ್ತರಿ ಗುರುತು, ತಾರೀಕು, ಅದರ ಕೆಳಗೆ: 'ಮುಖವಾಡ ಎತ್ತಿದ. ಎರಡು ಸಲ ಹೇಳಿಕೊಟ್ಟೆ. ಕತ್ತೆ!' ಆ 'ಕತ್ತೆ' ಓದಿ ನಗು ಬಂತು, ಆಮೇಲೆ ಅಳು ನಿಲ್ಲಲಿಲ್ಲ.

ಅಪ್ಪ ಪಕ್ಕದಲ್ಲೇ ಕೂತರು. "ಆ ವಿಷಯ ಈ ಮನೇಲಿ ಎತ್ತಕೂಡದು ಅಂತ ಭಾವನ ಹತ್ರ ಮಾತು ತಗೊಂಡವನು ನಾನೇ. ಮದುವೆ ಹೊತ್ತಲ್ಲಿ ನನಗೂ ಹೆದರಿಕೆ ಇತ್ತು ಕಣಮ್ಮ. ಜನ ಏನಂತಾರೋ, ಆಫೀಸಲ್ಲಿ ಏನಂತಾರೋ... ಇಪ್ಪತ್ತು ವರ್ಷ ಅವನನ್ನ ಸುಳ್ಳುಗಾರ ಅಂತ ಆಡ್ಕೊಂಡೆ. ಅವನು ನಗ್ತಾ ಕೇಳಿಸ್ಕೊಂಡ" ಅಂದರು. ಪ್ರತಿಯ ಮೇಲೆ ಅವರು ಕೈಯಿಟ್ಟ ರೀತಿ ನೋಡಿದ್ದರೆ ನೀನು ಮಾತು ಮರೆಯುತ್ತಿದ್ದೆ.

ಈಗ ನನ್ನ ಹೆದರಿಕೆ ದುಪ್ಪಟ್ಟಾಗಿದೆ. ನಿಜವನ್ನು ಸುಳ್ಳು ಎಂದು ಹೇಳಿ ಬಂದಿದ್ದೇನೆ. ಈಗ ಹೋಗಿ ಅದು ನಿಜ ಎಂದರೆ ಯಾರು ನಂಬುತ್ತಾರೆ? ತೀರ್ಪಿನ ನಕಲಿಗೆ ಅರ್ಜಿ ಹಾಕಿದರೆ ತಿಂಗಳು ಹಿಡಿಯುತ್ತದಂತೆ. ಪ್ರತಿಯ ಜೊತೆಗೆ ನಿನ್ನ ಅಫಿಡವಿಟ್ ಒಂದೇ ದಾರಿ ಎಂದು ತಾತ ಹೇಳಿದರು. "ಓದು ಬರೋ ಮನುಷ್ಯ ಹೆಬ್ಬೆಟ್ಟು ಒತ್ತಿದ್ರೆ ಅನುಮಾನ ಬರುತ್ತಮ್ಮ. ಸಹಿನೇ ಬೇಕು" ಅಂದರು.

ಎರಡು ಪುಟ ಟೈಪ್ ಮಾಡಿ ಕಳಿಸಿದ್ದೇನೆ. ನಿನ್ನ ಕಾಗದದಲ್ಲಿರುವ ಮಾತುಗಳನ್ನೇ ಹಾಕಿದ್ದೇನೆ. ಓದು ಮಾವ. ಪಾರ್ಟು ಓದುವ ಹಾಗೆ ಓದಬೇಡ. ಒಂದು ಮಾತು ನಿನ್ನದಲ್ಲ ಅನ್ನಿಸಿದರೂ ಹೊಡೆದುಹಾಕು, ಪಕ್ಕದಲ್ಲಿ ಗುರುತು ಮಾಡು. ಆಗದು ಅನ್ನಿಸಿದರೆ ಹಾಗೇ ವಾಪಸ್ ಕಳಿಸು. ನಾನು ಒಂದು ಮಾತೂ ಕೇಳುವುದಿಲ್ಲ.

ಇನ್ನೊಂದು. ನಿನ್ನೆ ಆ ವಕೀಲರ ಮುಂದೆ ನಿಂತು ಎರಡೂ ತಾರೀಕು ತೋರಿಸಿದೆ. ಅಂಗಡಿ ಅದುರುವ ಹಾಗೆ ಕೂಗಾಡಿದರು. ಕೂಗಾಡಿ ಮುಗಿದ ಮೇಲೆ, "ಏನು ನೋಡ್ತೀಯ? ಮರುವಿಚಾರಣೆ ಅರ್ಜಿ, ಹಾಳೆ ಹಾಕು" ಅಂದರು. ಅಜ್ಜಿಗೆ ನಾನೇ ಎಲ್ಲ ಹೇಳಿದೆ. ಅವರು ನನ್ನ ಅಂಗಿಯ ಸಡಿಲವಾಗಿದ್ದ ಗುಂಡಿಯನ್ನೇ ನೋಡುತ್ತಿದ್ದರು.

ಗುಬ್ಬಿ


ಏಪ್ರಿಲ್ 19

ಗುಬ್ಬಿ,

ನಿನ್ನ ಹಾಳೆಗಳು ಬಂದು ಮೂರು ದಿನವಾಯಿತು. ಮೊದಲ ದಿನ ಕವರು ಒಡೆಯಲೇ ಇಲ್ಲ. ಎರಡನೇ ದಿನ ಒಡೆದು, ಪೆಟ್ಟಿಗೆಯಲ್ಲಿ ಕಿರೀಟದ ಕೆಳಗೆ ಬಚ್ಚಿಟ್ಟೆ. ಮಧ್ಯಾಹ್ನದ ಆಟದಲ್ಲಿ ಮೀಸೆಯ ರಾಣಿ ಮಾತು ಮರೆತು ನನ್ನ ಕಡೆ ನೋಡಿದ. ನಾನು ಪುಟ ತಪ್ಪಿಸಿಕೊಂಡು ಕೂತಿದ್ದೆ. ರಾಣಿ ರಾಜನಿಗೆ ಬಾಯಿಗೆ ಬಂದದ್ದು ಹೇಳಿದ. ಜನ ಕೈತಟ್ಟಿದರು, ನನ್ನ ಮಾನ ಹೋಯಿತು.

ಇವತ್ತು ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಒಬ್ಬನೇ ರಂಗದ ಮೇಲೆ ನಿಂತು ಓದಿದೆ. ಮೊದಲ ಸಾಲಿಗೇ ದನಿ ತಾನಾಗಿ ಏರಿತು. ನಿಲ್ಲಿಸಿದೆ. ನೀನು ಪಾರ್ಟು ಓದುವ ಹಾಗೆ ಓದಬೇಡ ಅಂದಿದ್ದೆಯಲ್ಲ. ಕೆಳಗಿಳಿದು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು, ಬೆರಳಿಟ್ಟುಕೊಂಡು, ಒಂದೊಂದೇ ಮಾತು ಓದಿದೆ. ಹೀಗೆ ನಾನು ಯಾವ ಕಾಗದವನ್ನೂ ಓದಿರಲಿಲ್ಲ.

ಎಲ್ಲ ಸರಿಯಾಗಿದೆ. ಕೊನೆಯಲ್ಲಿ ನೀನು ಟೈಪ್ ಮಾಡಿದ್ದೀಯ: 'ಈ ಹೇಳಿಕೆಯನ್ನು ಯಾರ ಬಲವಂತವೂ ಇಲ್ಲದೆ, ಯಾವ ಹೆದರಿಕೆಯೂ ಇಲ್ಲದೆ ಕೊಡುತ್ತಿದ್ದೇನೆ.' ಎಲ್ಲ ಅಫಿಡವಿಟ್ಟಿನಲ್ಲೂ ಅದು ಇರುತ್ತದೆ ಎಂದು ಇಲ್ಲಿನ ನೋಟರಿಯವರು ಹೇಳಿದರು. ಇರಲಿ. 'ಯಾವ ಹೆದರಿಕೆಯೂ ಇಲ್ಲದೆ' ಎಂಬುದನ್ನು ಹೊಡೆದುಹಾಕಿದ್ದೇನೆ. ಅದು ಸುಳ್ಳು. ಅಂಚಿನಲ್ಲಿ ತಾರೀಕು ಹಾಕಿದ್ದೇನೆ.

"ಸ್ವಾಮಿ, ಅದನ್ನ ಹೊಡೆಯೋ ಹಾಗಿಲ್ಲ" ಅಂದರು ನೋಟರಿ. "ಹಾಗಾದ್ರೆ ಸಹಿನೂ ಇಲ್ಲ" ಅಂದೆ. ನನ್ನ ಮುಖ ನೋಡಿ ಮುದ್ರೆ ಒತ್ತಿದರು.

ಕೆಳಗೆ ಸಹಿ ಇದೆ. ಮೊದಲಕ್ಷರ ನಡುಗಿ ಎರಡಾಗಿದೆ. ಆದರೂ ನನ್ನದೇ.

ಮಾವ


ಮೇ 9

ಪ್ರೀತಿಯ ಮಾವ,

ಇದನ್ನು ಗಟ್ಟಿಯಾಗಿ ಓದು. ರಾಣಿಯನ್ನೂ ಕರೆ.

ನಿನ್ನ ಕವರು ಇಪ್ಪತ್ನಾಲ್ಕರ ಸಂಜೆ ಬಂತು. ಇಪ್ಪತ್ತೈದರ ಬೆಳಿಗ್ಗೆ ಅಪ್ಪ ಆಫೀಸಿಗೆ ರಜೆ ಹಾಕಿ ನನ್ನ ಜೊತೆ ಬಂದರು. ವಿವರಣೆಯನ್ನು ನಾನೇ ಬರೆದಿದ್ದೆ, ಅರ್ಧ ಪುಟ. 'ಹೇಳಿಕೆ ನಿಜವೆಂದು ಈಗ ತಿಳಿದಿದೆ. ಸುಳ್ಳೆಂದುಕೊಂಡೇ ಸಹಿ ಮಾಡಿದ್ದೆ. ಆ ತಪ್ಪು ನನ್ನದು.'

ನಿನ್ನೆ ಮತ್ತೆ ಕರೆಸಿದ್ದರು. ಅದೇ ಕೋಣೆ, ಅದೇ ಕೆಮ್ಮು. ನ್ಯಾಯಾಧೀಶೆ ಎಪ್ಪತ್ತೊಂದನೇ ಪುಟವನ್ನು ಕನ್ನಡಕ ತೆಗೆದು ನೋಡಿದರು. ನಿನ್ನ ಅಫಿಡವಿಟ್ಟನ್ನು ಕೊನೆಯ ತನಕ ಓದಿದರು. ಹೊಡೆದುಹಾಕಿದ ಆ ಮೂರು ಮಾತಿನ ಹತ್ತಿರ ಬೆರಳು ನಿಂತಿತು.

"ಮೂವತ್ತೆರಡು ವರ್ಷ ಅಫಿಡವಿಟ್ ಓದಿದ್ದೀನಿ. ಇದನ್ನ ಹೊಡೆದುಹಾಕಿದವರನ್ನ ಇವತ್ತೇ ನೋಡಿದ್ದು" ಅಂದರು. ನಗಲಿಲ್ಲ. "ಬರೆದಿದ್ದು ನಿಜ ಆಗಿದ್ದು ನಿಮ್ಮ ಅದೃಷ್ಟ. ಸುಳ್ಳು ಅಂದ್ಕೊಂಡು ಸಹಿ ಮಾಡಿದ್ದು ನಿಮ್ಮ ತಪ್ಪು. ಪುಟಕ್ಕೆ ಸೊನ್ನೆ ಕೊಟ್ಟಿದ್ದೀವಿ. ಗುಂಡಿ ಹೊಲಿಯೋ ಅಜ್ಜಿ ವಿಷಯ ಏನಾಯ್ತು?"

"ಮರುವಿಚಾರಣೆಗೆ ತಗೊಂಡಿದ್ದಾರೆ ಮೇಡಂ. ತಾರೀಕು ಸರಿ ಮಾಡಿದ್ವಿ."

ಹಸಿರು ಪೆನ್ನು ಏನೋ ಬರೆಯಿತು. ಇವತ್ತು ಪಟ್ಟಿ ಹಾಕಿದರು. ಅರವತ್ತು ಹೆಸರು. ಐವತ್ತರ ತನಕ ಅಪ್ಪ ಓದಿದರು, ಅಲ್ಲಿಂದ ಮುಂದೆ ಅವರಿಗೆ ಕಣ್ಣು ಕಾಣಲಿಲ್ಲ. ನಾನು ಓದಿದೆ. ಐವತ್ತೊಂಬತ್ತನೆಯದು ನನ್ನದು.

ಪ್ರವೇಶದ ಕಿಟಕಿಯಲ್ಲಿ ಗುಮಾಸ್ತರು ಹನ್ನೊಂದು ಪುಟದ ಅರ್ಜಿ ಕೊಟ್ಟು, ಕೊನೆಯ ಪುಟದಲ್ಲಿ ಬೆರಳಿಟ್ಟರು. "ಇಲ್ಲಿ ಸಹಿ ಮಾಡಮ್ಮ, ಬೇಗ, ಹಿಂದೆ ಜನ ಇದ್ದಾರೆ."

"ಓದಿ ಮಾಡ್ತೀನಿ ಸಾರ್."

"ಎಲ್ಲರೂ ಮಾಡಿದ್ದಾರೆ, ನಿನಗೇನು ವಿಶೇಷ?"

ಹಿಂದಿನಿಂದ ಯಾರೋ, "ಐವತ್ತೊಂಬತ್ತನೇಯೋಳಿಗೆ ಎಷ್ಟು ಜಂಬ ನೋಡು" ಅಂದರು. ಹೆದರಿಕೆ ಹೋಗಿರಲಿಲ್ಲ ಮಾವ, ಆದರೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅಪ್ಪ ಬಂದು ನನ್ನ ಬೆನ್ನ ಹಿಂದೆ, ಸಾಲಿಗೆ ಅಡ್ಡವಾಗಿ ನಿಂತರು.

ನಾನು ಒಂದನೇ ಪುಟದಿಂದ ಓದತೊಡಗಿದೆ.

ಗುಬ್ಬಿ